ಕಾವಿಗೆ ಕೂತ ಕೋಳಿ: ಮೊಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ



ಹಾಲಿನ ಸಂಘದ ಪತ್ರಿಕೆಯಲ್ಲಿ ಕೋಳಿಯ ಪಾಠವೇ ಎಂದು ಕೆಲವರಿಗೆ ಅನ್ನಿಸಬಹುದು. ನಾನು ಸಂಘಗಳಿಗೆ ಬಂದಾಗ ಹಸುವಿನ ವಿಚಾರ ಕೇಳುವವರು ಹೆಚ್ಚಾಗಿ ಮನೆಯ ಯಜಮಾನರು. ಹಾಲು ಹಾಕಿ, ಪುಸ್ತಕಕ್ಕೆ ಬರೆಸಿಕೊಂಡು, ಖಾಲಿ ಪಾತ್ರೆ ಹಿಡಿದು ಹೊರಡುವ ಮೊದಲು ಒಂದು ನಿಮಿಷ ನಿಲ್ಲುವ ಹೆಣ್ಣುಮಕ್ಕಳು ಕೇಳುವುದು ಕೋಳಿಯ ವಿಚಾರ. ಹಾಲಿನ ಬಟವಾಡೆ ಹಿಂಡಿ, ಬೂಸ, ಸಾಲದ ಕಂತು ಎಂದು ಹರಿದು ಹೋಗುತ್ತದೆ. ಕೋಳಿ ಮಾರಿದ ದುಡ್ಡು ಮಾತ್ರ ಸೆರಗಿನ ಗಂಟಿನಲ್ಲೇ ಉಳಿಯುತ್ತದೆ. ಆದ್ದರಿಂದ ಈ ಸಲ ಅವರ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ ಬಹುತೇಕ ಒಂದೇ. "ಹದಿಮೂರು ಮೊಟ್ಟೆ ಇಟ್ಟಿದ್ದೆ ಸ್ವಾಮಿ, ನಾಲ್ಕೇ ಮರಿ ಆದವು. ಯಾಕೆ?" ಕೇಳುವ ಹೊತ್ತಿಗೆ ಇಪ್ಪತ್ತೊಂದು ದಿನ ಕಳೆದಿರುತ್ತದೆ, ಉಳಿದ ಮೊಟ್ಟೆಗಳು ತಿಪ್ಪೆ ಸೇರಿರುತ್ತವೆ. ಆಗ ಕಾರಣ ಹೇಳುವುದು ಯಾರಿಂದಲೂ ಆಗದು. ಹಸುವಿಗೆ ಇಂಜೆಕ್ಷನ್ ಹಾಕಿಸಿದ ಮೇಲೆ ಎರಡು ಮೂರು ತಿಂಗಳಿಗೆ ಗರ್ಭ ಪರೀಕ್ಷೆ ಮಾಡಿಸಬೇಕು ಎಂದು ನಾವು ಮೇಲಿಂದ ಮೇಲೆ ಹೇಳುತ್ತೇವೆ. ಪರೀಕ್ಷೆ ಮಾಡಿಸದೆ ಒಂಬತ್ತು ತಿಂಗಳು ಕಾದು, ಕೊನೆಗೆ ಹಸು ಗಬ್ಬವೇ ಆಗಿರಲಿಲ್ಲ ಎಂದು ತಿಳಿದವರ ಸಂಕಟ ನಿಮಗೆ ಗೊತ್ತು. ಮೊಟ್ಟೆಗೂ ಅಂಥದೇ ಒಂದು ಗರ್ಭ ಪರೀಕ್ಷೆ ಉಂಟು. ಅದಕ್ಕೆ ಡಾಕ್ಟರು ಬೇಡ, ಖರ್ಚಿಲ್ಲ. ಏಳನೆಯ ರಾತ್ರಿ ಒಂದು ಟಾರ್ಚು ಹಿಡಿದರೆ ಸಾಕು.

ನಾಟಿ ಹೇಂಟೆ ವರ್ಷಕ್ಕೆ ಸುಮಾರು 50ರಿಂದ 60 ಮೊಟ್ಟೆ ಇಡುತ್ತದೆ. ಅದನ್ನೂ ಒಟ್ಟಿಗೆ ಇಡುವುದಿಲ್ಲ. ಹನ್ನೆರಡು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ, ಮರಿ ಸಾಕಿ, ಮತ್ತೆ ಮೊಟ್ಟೆಗೆ ಬರುತ್ತದೆ. ಹೀಗೆ ವರ್ಷಕ್ಕೆ ಮೂರು ನಾಲ್ಕು ಸಲ. ಒಂದು ಕಾವು ಕೆಟ್ಟಿತೆಂದರೆ ಆ ಕೋಳಿಯ ಕಾಲು ವರ್ಷದ ದುಡಿಮೆ ಕೆಟ್ಟಿತು ಎಂದೇ ಲೆಕ್ಕ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಂಘದ ಶಿಬಿರದಲ್ಲಿ ತಾಯಿಯೊಬ್ಬರು ಬಂದು, ತಮ್ಮ ಕೋಳಿ ಎರಡು ಸಲ ಕೂತರೂ ಮೂರು ನಾಲ್ಕು ಮರಿಗಿಂತ ಹೆಚ್ಚು ಮಾಡಲಿಲ್ಲ ಎಂದರು. ಹಸುಗಳ ಸಾಲು ಉದ್ದವಿತ್ತು. ನಾನು ಮೊಟ್ಟೆಯನ್ನೂ ನೋಡಲಿಲ್ಲ, ಗೂಡನ್ನೂ ನೋಡಲಿಲ್ಲ. "ಕಾವು ಸರಿಯಾಗಿ ಕೊಡದ ಕೋಳಿ, ಮಾರಿಬಿಡಿ" ಎಂದೆ. ಅವರು ಮಾರಿದರು. ಮುಂದಿನ ಸಲ ನೆರೆಮನೆಯ ಕೋಳಿಯನ್ನು ತಂದು ಕೂರಿಸಿದರು. ಅದೃಷ್ಟಕ್ಕೆ ನಾನು ಆ ಊರಿಗೆ ಹೋದದ್ದು ಕೂರಿಸಿದ ಎಂಟನೆಯ ದಿನ. ರಾತ್ರಿ ಟಾರ್ಚು ಹಿಡಿದು ನೋಡಿದೆವು. ಹನ್ನೊಂದು ಮೊಟ್ಟೆಯಲ್ಲಿ ಆರರ ಒಳಗೆ ಪಿಂಡ ಹುಟ್ಟಿ ಸತ್ತಿತ್ತು. ಕೂರಿಸುವ ಮೊದಲು ಮೊಟ್ಟೆ ಎಲ್ಲಿಟ್ಟಿದ್ದಿರಿ ಎಂದು ಕೇಳಿದಾಗ, ಇಲಿಯ ಕಾಟಕ್ಕೆ ಒಲೆಯ ಮೇಲಿನ ಗೂಡಿನಲ್ಲಿ ಇಡುತ್ತೇನೆ ಎಂದು ತೋರಿಸಿದರು. ಗೋಡೆ ಮುಟ್ಟಿದರೆ ಬೆಚ್ಚಗಿತ್ತು. ಮಾರಿದ ಕೋಳಿಯಲ್ಲಿ ಯಾವ ದೋಷವೂ ಇರಲಿಲ್ಲ. ಆ ತಾಯಿ ನನ್ನನ್ನು ಬೈಯಲಿಲ್ಲ. "ಒಳ್ಳೆ ಕೋಳಿ ಸ್ವಾಮಿ ಅದು, ಹದ್ದು ಬಂದರೆ ಮೇಲೆ ಹಾರೋದು" ಎಂದಷ್ಟೇ ಹೇಳಿದರು. ಅಂದಿನಿಂದ ಮೊಟ್ಟೆ ನೋಡದೆ ಕೋಳಿಯ ಮೇಲೆ ತಪ್ಪು ಹೊರಿಸುವುದನ್ನು ಬಿಟ್ಟಿದ್ದೇನೆ.

ಕೂರಿಸುವ ಮೊದಲು

ಮೊಟ್ಟೆಯೊಳಗಿನ ಜೀವ ಕಾವು ಕೊಟ್ಟ ದಿನ ಹುಟ್ಟುವುದಲ್ಲ. ಕೋಳಿ ಮೊಟ್ಟೆ ಇಡುವಾಗಲೇ ಅದು ಬೆಳೆಯತೊಡಗಿರುತ್ತದೆ. ಹೊರಗೆ ಬಂದು ತಣ್ಣಗಾದಾಗ ನಿದ್ದೆ ಹೋಗುತ್ತದೆ. ಮತ್ತೆ ಕಾವು ಸಿಕ್ಕಿದಾಗ ಏಳುತ್ತದೆ. ಒಲೆಯ ಹತ್ತಿರ, ತಗಡಿನ ಸೂರಿನ ಕೆಳಗೆ, ಬಿಸಿಲು ಬೀಳುವ ಕಿಟಕಿಯಲ್ಲಿ ಇಟ್ಟ ಮೊಟ್ಟೆಗೆ ನಿದ್ದೆಯೂ ಇಲ್ಲ, ಎಚ್ಚರವೂ ಇಲ್ಲ. ಅರೆಬರೆ ಬೆಳೆದು ಸೊರಗಿದ ಪಿಂಡ, ಕೋಳಿ ಕೂತ ಎರಡು ಮೂರು ದಿನದಲ್ಲಿ ಸಾಯುತ್ತದೆ. ಆದ್ದರಿಂದ ಮನೆಯ ಅತ್ಯಂತ ತಂಪಾದ ಮೂಲೆಯಲ್ಲಿ, ಒಂದು ಮಡಕೆಯಲ್ಲಿ ಒದ್ದೆ ಮರಳು ಹಾಕಿ, ಅದರ ಮೇಲೆ ಬಟ್ಟೆ ಹಾಸಿ, ಚೂಪು ತುದಿ ಕೆಳಗಾಗಿ ಮೊಟ್ಟೆಗಳನ್ನಿಡಿ. ಬಾಯಿಗೆ ತೆಳು ಬಟ್ಟೆ ಕಟ್ಟಿದರೆ ಇಲಿಯ ಭಯವೂ ಇಲ್ಲ. ಫ್ರಿಜ್ಜಿನ ಚಳಿಯೂ ಆಗದು, ಅದು ಅಡುಗೆಯ ಮೊಟ್ಟೆಗೆ ಸರಿ.

ಒಂದು ವಾರದೊಳಗಿನ ಮೊಟ್ಟೆ ಉತ್ತಮ. ಹತ್ತು ದಿನ ದಾಟಿದ್ದನ್ನು ಸಾರಿಗೆ ಹಾಕಿ. ಕೋಳಿ ದಿನ ಬಿಟ್ಟು ದಿನ ಇಟ್ಟರೆ ಹದಿಮೂರು ಮೊಟ್ಟೆ ಕೂಡುವ ಹೊತ್ತಿಗೆ ಮೊದಲನೆಯದಕ್ಕೆ ಮೂರು ವಾರದ ಮೇಲಾಗಿರುತ್ತದೆ. "ಇದರದೇ ಮೊಟ್ಟೆ ಇದಕ್ಕೇ ಇಡಬೇಕು" ಎನ್ನುವ ಹಟ ಇಲ್ಲೇ ನಷ್ಟ ತರುವುದು. ಮನೆಯ ಬೇರೆ ಕೋಳಿಗಳ ಹೊಸ ಮೊಟ್ಟೆ ಸೇರಿಸಿ, ಹಳೆಯದನ್ನು ತೆಗೆಯಿರಿ. ಪ್ರತಿ ಮೊಟ್ಟೆಯ ಮೇಲೆ ಇಟ್ಟ ತಾರೀಖನ್ನು ಪೆನ್ಸಿಲ್ಲಿನಿಂದ ಬರೆಯಿರಿ. ಇಂಕು ಬೇಡ, ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ಅದೇ ಕಾರಣಕ್ಕೆ ಮೊಟ್ಟೆ ತೊಳೆಯಬಾರದು. ತೊಳೆದರೆ ಮೇಲಿನ ಕಾಪಿನ ಪೊರೆ ಹೋಗಿ ಕೊಳಕು ಒಳಗಿಳಿಯುತ್ತದೆ. ಹಿಕ್ಕೆ ಮೆತ್ತಿದ್ದು, ಬಿರುಕು ಬಿಟ್ಟದ್ದು, ತೀರ ದೊಡ್ಡದು, ತೀರ ಚಿಕ್ಕದು ಕಾವಿಗೆ ಬೇಡ.

ಅಂಗಡಿಯ ಫಾರಂ ಮೊಟ್ಟೆ ಇಟ್ಟು ಮರಿಗೆ ಕಾದವರೂ ಇದ್ದಾರೆ. ಮೊಟ್ಟೆ ಮಾರುವ ಫಾರಂಗಳಲ್ಲಿ ಹುಂಜವೇ ಇರುವುದಿಲ್ಲ. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ, ಮರಿಯಾಗುವುದಿಲ್ಲ ಅಷ್ಟೆ. ಗಿರಿರಾಜ ಕೋಳಿ ಸಾಕಿದವರು ಅದರ ಮೊಟ್ಟೆಯನ್ನು ನಾಟಿ ಕೋಳಿಯ ಕೆಳಗೆ ಇಡಬಹುದು, ಹುಂಜ ಜೊತೆಗಿದ್ದರೆ ಮರಿಯೂ ಆಗುತ್ತದೆ. ಆದರೆ ಗಿರಿರಾಜ ಹಲವು ತಳಿ ಕೂಡಿಸಿದ ಕೋಳಿ. ಹೈಬ್ರಿಡ್ ಜೋಳದ ಕಾಳನ್ನೇ ಮತ್ತೆ ಬಿತ್ತಿದ ಹಾಗೆ, ಮುಂದಿನ ಪೀಳಿಗೆಯಲ್ಲಿ ಅದೇ ಗುಣ ನಿಲ್ಲುವುದಿಲ್ಲ.

ಇನ್ನು ಹುಂಜದ ಮಾತು. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಬೇಕು. ಹಸುವಿನ ಗರ್ಭಕೋಶದಲ್ಲಿ ವೀರ್ಯ ಒಂದು ದಿನ ಜೀವ ಹಿಡಿದರೆ ಹೆಚ್ಚು. ಹೇಂಟೆಯ ಅಂಡನಾಳದಲ್ಲಿ ಅದನ್ನು ಕೂಡಿಡಲೆಂದೇ ಸಣ್ಣ ಮಡಿಕೆಗಳಿವೆ. ಅಲ್ಲಿ ಹತ್ತು ಹನ್ನೆರಡು ದಿನ ಜೀವಂತವಾಗಿರುತ್ತದೆ. ಮಾರಿಹಬ್ಬಕ್ಕೆ ಹರಕೆಯ ಹುಂಜ ಕೊಯ್ದ ಮೇಲೂ ಒಂದು ವಾರ ಹತ್ತು ದಿನ ಒಳ್ಳೆಯ ಮೊಟ್ಟೆ ಸಿಗುವುದು ಇದರಿಂದಲೇ. ಆಮೇಲೆ ಇಟ್ಟದ್ದರಲ್ಲಿ ಗೊಡ್ಡು ಹೆಚ್ಚುತ್ತ ಹೋಗುತ್ತದೆ. ಇಡೀ ಕೇರಿಯಲ್ಲಿ ಒಂದೇ ದಿನ ಹುಂಜಗಳು ಹೋದ ಊರಿನಲ್ಲಿ ಮುಂದಿನ ತಿಂಗಳ ಕಾವು ಕೆಟ್ಟರೆ ದೃಷ್ಟಿ ತಗಲಿತು ಎಂದುಕೊಳ್ಳುತ್ತಾರೆ. ಹರಕೆಗೆ ಮೊದಲೇ ಒಂದು ಎಳೆಯ ಹುಂಜವನ್ನು ಬೆಳೆಸಿಟ್ಟುಕೊಳ್ಳಿ.

ಹುಂಜ ತನ್ನ ಕೆಲಸ ಮಾಡುತ್ತಿದೆಯೇ ಎಂದು ಅಡುಗೆಮನೆಯಲ್ಲೇ ತಿಳಿಯಬಹುದು. ಆಮ್ಲೆಟ್ಟಿಗೆ ಹೊಸ ನಾಟಿ ಮೊಟ್ಟೆ ಒಡೆದಾಗ ತಟ್ಟೆಗೆ ಹಾಕಿ ಹಳದಿ ಭಂಡಾರದ ಮೇಲೆ ನೋಡಿ. ಒಂದು ಬಿಳಿ ಚುಕ್ಕೆ ಇರುತ್ತದೆ. ಚುಕ್ಕೆ ಸಣ್ಣದಾಗಿ, ಗಟ್ಟಿ ಬಿಳಿಯಾಗಿ, ಅಂಚು ಅಂಕುಡೊಂಕಾಗಿದ್ದರೆ ಅದು ಗೊಡ್ಡು. ಸ್ವಲ್ಪ ದೊಡ್ಡದಾಗಿ, ಬಳೆಯ ಹಾಗೆ ದುಂಡಗೆ ಅಂಚು ಕಟ್ಟಿ ನಡುವೆ ತಿಳಿಯಾಗಿದ್ದರೆ ಅದು ಜೀವವಿರುವ ಮೊಟ್ಟೆ. ನಾಲ್ಕೈದು ಮೊಟ್ಟೆ ನೋಡಿದರೆ ಕಣ್ಣಿಗೆ ಪಳಗುತ್ತದೆ.

ಗೂಡು ಮತ್ತು ಕೋಳಿ

ಗೂಡಿನ ಬಗ್ಗೆ ನಿಮಗೆ ನಾನು ಹೆಚ್ಚು ಹೇಳಬೇಕಿಲ್ಲ. ಅಗಲವಾದ ಬಿದಿರು ಪುಟ್ಟಿ, ತಳದಲ್ಲಿ ಸ್ವಲ್ಪ ತೇವದ ಮರಳು, ಮೇಲೆ ಒಣ ಹುಲ್ಲು ಬಟ್ಟಲಿನ ಹಾಗೆ. ಕತ್ತಲೆಯ, ಬೆಕ್ಕು ನಾಯಿ ಸುಳಿಯದ ಜಾಗ. ಬೇರೆ ಕೋಳಿಗಳು ಬಂದು ಅದರಲ್ಲೇ ಮೊಟ್ಟೆ ಇಡದಂತೆ ಅಡ್ಡ ಇರಲಿ. ಕೋಳಿ ಮೈ ಉಬ್ಬಿಸಿ, ಕೊಟಕ್ ಕೊಟಕ್ ಎನ್ನುತ್ತ, ಕೈ ಹಾಕಿದರೆ ಕುಕ್ಕಿ, ರಾತ್ರಿಯೂ ಗೂಡು ಬಿಡದೆ ಇದ್ದರೆ ಅದು ನಿಜವಾಗಿ ಕಾವಿಗೆ ಬಂದಿದೆ. ಎರಡು ದಿನ ಬೇಡದ ಮೊಟ್ಟೆಯ ಮೇಲೆ ಕೂರಿಸಿ ಪರೀಕ್ಷಿಸಿ, ಆಮೇಲೆ ಸಂಜೆಯ ಹೊತ್ತು ಎಲ್ಲ ಮೊಟ್ಟೆಗಳನ್ನೂ ಒಟ್ಟಿಗೆ ಇಡಿ. ನಾಟಿ ಕೋಳಿಗೆ ಹತ್ತರಿಂದ ಹದಿಮೂರು, ಚಳಿಗಾಲದಲ್ಲಿ ಒಂದೆರಡು ಕಡಿಮೆ. ರೆಕ್ಕೆಯಾಚೆ ಒಂದೇ ಮೊಟ್ಟೆ ಉಳಿದರೂ ನಷ್ಟ ಒಂದಕ್ಕೇ ಅಲ್ಲ. ಕೋಳಿ ಮೊಟ್ಟೆ ಹೊರಳಿಸುವಾಗ ದಿನಕ್ಕೊಂದು ಅಂಚಿಗೆ ಬಂದು ಸರದಿಯ ಮೇಲೆ ಎಲ್ಲವೂ ತಣ್ಣಗಾಗುತ್ತವೆ.

ಬೆಸ ಸಂಖ್ಯೆಯಲ್ಲಿ ಇಡುವುದು, ಗುಡುಗಿಗೆಂದು ಇದ್ದಿಲು, ಕಬ್ಬಿಣದ ಚೂರು ಹಾಕುವುದು ನಮ್ಮಲ್ಲಿ ಹಿಂದಿನಿಂದ ಬಂದಿದೆ. ಹಾಕಿ, ತೊಂದರೆಯಿಲ್ಲ. ಗುಡುಗಿನಿಂದ ಕೆಟ್ಟ ಮೊಟ್ಟೆಯನ್ನು ನಾನು ಕಂಡಿಲ್ಲ, ಹೇನಿನಿಂದ ಕೆಟ್ಟ ಕಾವನ್ನು ಬೇಕಾದಷ್ಟು ಕಂಡಿದ್ದೇನೆ. ಹೇನು, ಉಣ್ಣೆ ಕಚ್ಚುವ ಕೋಳಿ ಗೂಡಿನಲ್ಲಿ ನಿಲ್ಲುವುದಿಲ್ಲ. ಕೂರಿಸುವ ಮೊದಲು ರೆಕ್ಕೆಯ ಕೆಳಗೆ, ಗುದದ ಸುತ್ತ ಗರಿ ಬಿಡಿಸಿ ನೋಡಿ. ಹೊರಳಾಡಲು ಒಂದು ಗುಂಡಿಯಲ್ಲಿ ಬೂದಿ ಇರಲಿ, ಗೂಡಿನ ಹುಲ್ಲಿನಡಿ ಒಣಗಿದ ಬೇವಿನ ಸೊಪ್ಪು ಅಥವಾ ಲಕ್ಕಿ ಸೊಪ್ಪು ಹಾಕಿ. ಹಿಂದೆ ಗ್ಯಾಮಕ್ಸಿನ್ ಪುಡಿ ಉದುರಿಸುವ ರೂಢಿ ಇತ್ತು. ಅದು 1997ರಲ್ಲೇ ನಿಷೇಧವಾಗಿದೆ. ಬೆಳೆಗೆ ಹೊಡೆಯುವ ಯಾವ ಔಷಧಿಯನ್ನೂ ಗೂಡಿಗೆ ತರಬೇಡಿ.

ದಿನಕ್ಕೊಮ್ಮೆ ಕೋಳಿ ಹದಿನೈದು ಇಪ್ಪತ್ತು ನಿಮಿಷ ಎದ್ದು ಹೋಗುತ್ತದೆ. ಕಾಳು, ನೀರು ಹತ್ತಿರದಲ್ಲೇ ಇದ್ದರೆ ಬೇಗ ಮರಳುತ್ತದೆ. ಏಳದ ಕೋಳಿಯನ್ನು ನೀವೇ ಮೆಲ್ಲಗೆ ಎತ್ತಿ ಹೊರಗೆ ಬಿಡಿ, ಇಲ್ಲದಿದ್ದರೆ ಸೊರಗಿ ಹೋಗುತ್ತದೆ.

ಏಳನೆಯ ರಾತ್ರಿ

ಸೋಮವಾರ ಸಂಜೆ ಕೂರಿಸಿದರೆ ಮುಂದಿನ ಸೋಮವಾರ ಸಂಜೆಗೆ ಏಳು ದಿನ. ಅದರ ಮುಂದಿನ ಸೋಮವಾರ ಹದಿನಾಲ್ಕು. ಮೂರನೆಯ ಸೋಮವಾರ ಮರಿ. ವಾರ ನೆನಪಿಟ್ಟರೆ ಸಾಕು, ಲೆಕ್ಕ ತಪ್ಪದು.

ಹಿಂದೆ ಪೌಡರ್ ಡಬ್ಬಕ್ಕೆ ತೂತು ಮಾಡಿ ಒಳಗೆ ಬಲ್ಬು ಹಾಕಿ ನೋಡುತ್ತಿದ್ದೆವು. ಈಗ ಮೊಬೈಲಿನ ಟಾರ್ಚೇ ಸಾಕು. ಒಂದು ದಪ್ಪ ರಟ್ಟಿನಲ್ಲಿ ಮೊಟ್ಟೆಯ ದಪ್ಪ ತುದಿ ಕೂರುವಷ್ಟು, ಹಳೆಯ ಒಂದು ರೂಪಾಯಿ ನಾಣ್ಯದಗಲ ತೂತು ಮಾಡಿ, ಟಾರ್ಚಿನ ಮುಂದೆ ಹಿಡಿಯಿರಿ. ದೀಪ ಆರಿಸಿ, ಕೋಣೆ ಪೂರ್ತಿ ಕತ್ತಲಾಗಲಿ. ಕೈ ತೊಳೆದು ಒರೆಸಿಕೊಂಡು, ಕೋಳಿಯ ಕೆಳಗಿನಿಂದ ಒಂದೊಂದೇ ಮೊಟ್ಟೆ ತೆಗೆದು, ದಪ್ಪ ತುದಿಯನ್ನು ತೂತಿಗೆ ಒತ್ತಿ, ನಿಧಾನವಾಗಿ ತಿರುಗಿಸಿ. ಕಿವಿಯ ಬಳಿ ಅಲ್ಲಾಡಿಸಿ ನೋಡುವ ಅಭ್ಯಾಸ ಕೆಲವರಿಗಿದೆ. ಎಳೆಯ ಪಿಂಡದ ರಕ್ತನಾಳ ಹರಿದು ಅಲ್ಲೇ ಸಾಯುತ್ತದೆ, ಅದನ್ನು ಬಿಟ್ಟುಬಿಡಿ. ಮೊಟ್ಟೆ ತಣ್ಣಗಾದೀತೆಂಬ ಭಯ ಬೇಡ. ಕೋಳಿ ತಾನೇ ಎದ್ದು ಹೋಗುವಷ್ಟು ಹೊತ್ತು ನಿಮಗೂ ಇದೆ. ಹದಿಮೂರು ಮೊಟ್ಟೆಗೆ ಐದಾರು ನಿಮಿಷ ಸಾಕು.

ಕಾಣುವುದು ಮೂರು ಬಗೆ. ಒಳಗೆ ಒಂದು ಕಪ್ಪು ಚುಕ್ಕೆ, ಅದರಿಂದ ಸುತ್ತ ಹರಡಿದ ಕೆಂಪು ಎಳೆಗಳು, ನೋಡಲು ಜೇಡರ ಹುಳುವಿನ ಹಾಗೆ. ಇದು ಬೆಳೆಯುತ್ತಿರುವ ಮೊಟ್ಟೆ. ಸ್ವಲ್ಪ ಹೊತ್ತು ಹಿಡಿದರೆ ಚುಕ್ಕೆ ಮಿಸುಕುವುದೂ ಕಾಣುತ್ತದೆ. ಮೊದಲ ಸಲ ನೋಡಿದವರು ಆ ಮೊಟ್ಟೆಯನ್ನು ಬೇಗ ಕೊಡುವುದೇ ಇಲ್ಲ, ಮನೆಯ ಮಕ್ಕಳನ್ನೆಲ್ಲ ಕರೆಯುತ್ತಾರೆ. ಎರಡನೆಯ ಬಗೆ, ಚುಕ್ಕೆಯೂ ಇಲ್ಲ, ಎಳೆಯೂ ಇಲ್ಲ, ಇಡೀ ಮೊಟ್ಟೆ ತಿಳಿಯಾಗಿ ಬೆಳಗುತ್ತದೆ, ಭಂಡಾರದ ಮಸುಕು ನೆರಳು ಮಾತ್ರ ತೇಲುತ್ತದೆ. ಇದು ಗೊಡ್ಡು. ಮೂರನೆಯದರಲ್ಲಿ ಎಳೆಗಳಿರುವುದಿಲ್ಲ, ಕೆಂಪು ದಾರದಂಥ ಒಂದು ಉಂಗುರ ಕಾಣುತ್ತದೆ. ಪಿಂಡ ಹುಟ್ಟಿ ಮೊದಲ ದಿನಗಳಲ್ಲೇ ಸತ್ತಿತು, ರಕ್ತ ಅಂಚಿಗೆ ಸರಿದು ನಿಂತಿತು ಎಂದರ್ಥ. ಚಿಪ್ಪು ಕಂದು ಬಣ್ಣದ್ದಾಗಿ ಸ್ಪಷ್ಟ ಕಾಣದಿದ್ದರೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ಮತ್ತೆ ಇಡಿ, ಮೂರು ದಿನ ಬಿಟ್ಟು ನೋಡಿ. ಅನುಮಾನದ ಮೊಟ್ಟೆಯನ್ನು ಎಸೆಯಬೇಡಿ.

ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದಿಡಿ, ಏಕೆಂದರೆ ದೋಷ ಎಲ್ಲಿದೆ ಎಂದು ಹೇಳುವುದು ಇದೇ. ಗೊಡ್ಡು ಹೆಚ್ಚಿದ್ದರೆ ಹುಂಜವನ್ನು ನೋಡಿ: ಮುದಿಯಾಗಿದೆಯೇ, ಒಂದಕ್ಕೆ ಇಪ್ಪತ್ತು ಹೇಂಟೆ ಇವೆಯೇ, ಎರಡು ಹುಂಜ ಕಾದಾಡುತ್ತಿವೆಯೇ. ಆದರೆ ತೀರ ಹಳೆಯ ಮೊಟ್ಟೆಯಲ್ಲಿ ಪಿಂಡ ರಕ್ತ ಹುಟ್ಟುವ ಮೊದಲೇ ಸತ್ತು, ಬೆಳಕಿಗೆ ಗೊಡ್ಡಿನಂತೆಯೇ ಕಾಣುವುದುಂಟು. ಅದಕ್ಕಾಗಿ ತಿಳಿ ಮೊಟ್ಟೆಗಳನ್ನು ಒಡೆದು ನೋಡಿ. ಭಂಡಾರದ ಮೇಲೆ ಸಣ್ಣ ಚುಕ್ಕೆ ಮಾತ್ರ ಇದ್ದರೆ ತಪ್ಪು ಹುಂಜದ್ದು. ಉಗುರಗಲ ಕೆನೆಯಂಥ ಪೊರೆ ಹರಡಿದ್ದರೆ ಹುಂಜ ನಿರಪರಾಧಿ, ಮೊಟ್ಟೆ ಹಳೆಯದಾಗಿತ್ತು. ರಕ್ತದ ಉಂಗುರ ಹೆಚ್ಚಿದ್ದರೆ ಇಟ್ಟ ಜಾಗದ ಬಿಸಿ, ಬಸ್ಸಿನಲ್ಲೋ ಬೈಕಿನಲ್ಲೋ ತಂದಾಗಿನ ಕುಲುಕಾಟ, ಇಲ್ಲವೇ ಮೊದಲ ದಿನಗಳಲ್ಲಿ ಕೋಳಿ ಗೂಡು ಬಿಟ್ಟದ್ದು ಕಾರಣ. ಹದಿಮೂರರಲ್ಲಿ ಒಂದೆರಡು ಕೆಡುವುದು ಎಲ್ಲರ ಮನೆಯಲ್ಲೂ ಇದೆ, ಅದಕ್ಕೆ ಕಾರಣ ಹುಡುಕಬೇಕಾಗಿಲ್ಲ.

ಗೊಡ್ಡು ಮೊಟ್ಟೆಯನ್ನು ಚೆನ್ನಾಗಿ ಬೇಯಿಸಿ, ಪುಡಿ ಮಾಡಿ, ಬೇರೆ ಕೋಳಿಗಳಿಗೋ ನಾಯಿಗೋ ಹಾಕಬಹುದು. ಹಸಿಯಾಗಿ ಕೋಳಿಯ ಮುಂದೆ ಒಡೆದರೆ ಮೊಟ್ಟೆ ಕುಡಿಯುವ ಚಾಳಿ ಹತ್ತುತ್ತದೆ. ಸತ್ತದ್ದನ್ನು ಮಣ್ಣು ಮಾಡಿ. ಒಳಗೇ ಬಿಟ್ಟರೆ ಕೊಳೆತು, ಒಮ್ಮೊಮ್ಮೆ ಒಡೆದು, ಒಳ್ಳೆಯ ಮೊಟ್ಟೆಗಳಿಗೂ ಕೊಳಕು ಮೆತ್ತುತ್ತದೆ.

ಈ ಪರೀಕ್ಷೆಯ ನಿಜವಾದ ಲಾಭ ಎರಡು ಮೂರು ಕೋಳಿಗಳನ್ನು ಒಂದೇ ಸಂಜೆ ಕೂರಿಸಿದವರಿಗೆ. ಎರಡು ಕೋಳಿಯ ಇಪ್ಪತ್ತನಾಲ್ಕು ಮೊಟ್ಟೆಯಲ್ಲಿ ಹದಿಮೂರು ಒಳ್ಳೆಯವು ಎಂದು ಏಳನೆಯ ರಾತ್ರಿ ತಿಳಿದರೆ, ಹದಿಮೂರನ್ನೂ ದೊಡ್ಡ ಕೋಳಿಯ ಕೆಳಗೆ ಸೇರಿಸಿ. ಇನ್ನೊಂದಕ್ಕೆ ಅದೇ ರಾತ್ರಿ ಹೊಸ ಮೊಟ್ಟೆ ಇಡಿ. ಒಂದು ವಾರ ಹೆಚ್ಚು ಕೂರುವುದು ಅದಕ್ಕೆ ಕಷ್ಟವಲ್ಲ, ಮೇವು ನೀರು ಚೆನ್ನಾಗಿರಬೇಕು. ನೆರೆಹೊರೆಯವರೂ ಹೀಗೆ ಹಂಚಿಕೊಳ್ಳಬಹುದು.

ಹದಿನಾಲ್ಕನೆಯ ರಾತ್ರಿ ಇನ್ನೊಮ್ಮೆ ನೋಡಿ. ಜೀವವಿರುವ ಮೊಟ್ಟೆ ಈಗ ಬಹುಪಾಲು ಕಪ್ಪು, ದಪ್ಪ ತುದಿಯಲ್ಲಿ ಮಾತ್ರ ಗಾಳಿಯ ಗೂಡು ಬೆಳ್ಳಗೆ, ಅದರ ಅಂಚಿನಲ್ಲಿ ರಕ್ತನಾಳಗಳು. ನಾಳವಿಲ್ಲದೆ, ಒಳಗಿನ ಕಪ್ಪು ಕಲಕಿದ ಗಸಿಯಂತೆ ಸಡಿಲವಾಗಿ ಅತ್ತಿತ್ತ ಹೊರಳಿದರೆ ಅದು ಸತ್ತಿದೆ, ತೆಗೆಯಿರಿ.

ಕೊನೆಯ ಮೂರು ದಿನ

ಹದಿನೆಂಟನೆಯ ದಿನದಿಂದ ಗೂಡಿಗೆ ಕೈ ಹಾಕಬೇಡಿ. ಮರಿ ತಲೆಯನ್ನು ಗಾಳಿಯ ಗೂಡಿನ ಕಡೆ ತಿರುಗಿಸಿಕೊಳ್ಳುವ ಹೊತ್ತು ಅದು. ಬಿರು ಬೇಸಿಗೆಯಾದರೆ ಕೋಳಿ ಎದ್ದು ಹೋದಾಗ ಪುಟ್ಟಿಯ ತಳದ ಮರಳಿಗೆ ಸ್ವಲ್ಪ ಉಗುರುಬೆಚ್ಚನೆ ನೀರು ಚಿಮುಕಿಸಿ. ತೇವವಿಲ್ಲದಿದ್ದರೆ ಒಳಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ, ಪೂರ್ತಿ ಬೆಳೆದ ಮರಿ ಚಿಪ್ಪಿನೊಳಗೇ ಸಾಯುತ್ತದೆ. ಬೆಚ್ಚನೆ ನೀರಿನಲ್ಲಿ ತೇಲಿಸಿ, ಅಲ್ಲಾಡುವ ಮೊಟ್ಟೆ ಒಳ್ಳೆಯದು ಎಂದು ಆರಿಸುವ ಪದ್ಧತಿ ಕೆಲವೆಡೆ ಇದೆ. ಕಣ್ಣಿಗೆ ಕಾಣದ ಬಿರುಕು ಬಿಟ್ಟಿದ್ದರೆ ಮರಿ ನೀರು ಕುಡಿದು ಸಾಯುತ್ತದೆ. ಎರಡು ಸಲ ಬೆಳಕಿಗೆ ಹಿಡಿದು ನೋಡಿದವರಿಗೆ ಅದರ ಅಗತ್ಯವೇ ಇಲ್ಲ.

ಚಿಪ್ಪು ತೂತಾದ ಮೇಲೆ ಮರಿ ಹೊರಬರಲು ಒಂದು ಹಗಲು ಇಡೀ ಹಿಡಿಯಬಹುದು. ಉಗುರು ಹಾಕಿ ಬಿಡಿಸಿದರೆ ರಕ್ತ ಸೋರುತ್ತದೆ. ಹೊಟ್ಟೆಯೊಳಗೆ ಸೇರಿದ ಭಂಡಾರದ ಬಲದಲ್ಲಿ ಮರಿ ಎರಡು ದಿನ ಏನೂ ತಿನ್ನದೆ ಇರಬಲ್ಲದು, ಆದ್ದರಿಂದ ಎಲ್ಲ ಒಡೆದು ಒಣಗುವವರೆಗೆ ತಾಯಿಯ ಕೆಳಗೇ ಇರಲಿ. ಆಮೇಲೆ ಅಗಲ ತಟ್ಟೆಯಲ್ಲಿ ನೀರು, ಅಕ್ಕಿ ನುಚ್ಚು, ಸಿಕ್ಕರೆ ಗೆದ್ದಲು.

ಇಷ್ಟು ಕಷ್ಟಪಟ್ಟು ಪಡೆದ ಮರಿಗಳನ್ನು ಒಂದೇ ವಾರದಲ್ಲಿ ಗುಡಿಸಿ ಹಾಕುವುದು ಕೊಕ್ಕರೆ ರೋಗ. ಐದರಿಂದ ಏಳು ದಿನದೊಳಗೆ ಲಸೋಟ ಲಸಿಕೆಯ ಒಂದು ತೊಟ್ಟನ್ನು ಕಣ್ಣಿಗೋ ಮೂಗಿಗೋ ಹಾಕಿಸಬೇಕು. ಎಂಟು ವಾರಕ್ಕೆ ಆರ್‌ಟುಬಿ ಚುಚ್ಚುಮದ್ದು. ತೊಡಕು ಏನೆಂದರೆ ಲಸಿಕೆಯ ಸೀಸೆ ನೂರು ಮರಿಗೋ ಅದಕ್ಕಿಂತ ಹೆಚ್ಚಿಗೋ ಆಗುವಂಥದ್ದು, ಕರಗಿಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಒಂದು ಮನೆಯ ಒಂಬತ್ತು ಮರಿಗೆ ಸೀಸೆ ಒಡೆಯಲು ಯಾರೂ ಬರುವುದಿಲ್ಲ. ಕೇರಿಯ ಹತ್ತು ಮನೆಯವರು ಒಂದೇ ವಾರದಲ್ಲಿ ಕೋಳಿ ಕೂರಿಸಿದರೆ ಮಾತ್ರ ಇದು ಸಾಧ್ಯ. ಕೂರಿಸಿದ ದಿನ, ಇಟ್ಟ ಮೊಟ್ಟೆ, ಏಳನೆಯ ರಾತ್ರಿ ಉಳಿದ ಮೊಟ್ಟೆ, ಈ ಮೂರನ್ನೂ ಬರೆದ ಚೀಟಿಯನ್ನು ಬೆಳಗಿನ ಹಾಲಿನ ಜೊತೆ ಸಂಘದ ಕಾರ್ಯದರ್ಶಿಯವರ ಕೈಗೆ ಕೊಡಿ. ನಿಮ್ಮೂರಿನಲ್ಲಿ ಯಾವ ವಾರ ಎಷ್ಟು ಮರಿ ಏಳುತ್ತವೆ ಎಂದು ಹದಿನಾಲ್ಕು ದಿನ ಮುಂಚೆಯೇ ತಿಳಿದರೆ, ಹತ್ತಿರದ ಪಶು ಆಸ್ಪತ್ರೆಯಿಂದ ಐಸ್ ಡಬ್ಬಿಯಲ್ಲಿ ಲಸಿಕೆ ತರಿಸಿ, ಹಾಲು ಹಾಕಿ ಮುಗಿದ ಮೇಲೆ ಸಂಘದ ಜಗಲಿಯಲ್ಲೇ ಹಾಕಿಸಬಹುದು. ಮರಿಗಳನ್ನು ಮುಚ್ಚಳವಿರುವ ಬುಟ್ಟಿಯಲ್ಲಿ ತನ್ನಿ, ತಾಯಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ.